ಜೇನು ದಾಟಿಸಿದ ದಿನ

ಮುಚ್ಚಿದ ಪೆಟ್ಟಿಗೆಯೊಳಗಿನ ಜೇನಿನ ಸದ್ದು ಹೂವಿನ ಸುತ್ತ ಹಾರಾಡುವ ಜೇನಿನ ಸದ್ದಿನಂತಲ್ಲ. ಅದು ಕಿವಿಗಿಂತ ಮೊದಲು ಅಂಗೈಗೆ ತಿಳಿಯುತ್ತದೆ. ಆ ಬೆಳಿಗ್ಗೆ ಪಿಕಪ್ಪಿನ ಹಿಂಭಾಗದಲ್ಲಿ, ಹಗ್ಗದಿಂದ ಬಿಗಿದ ಪೆಟ್ಟಿಗೆಗಳ ನಡುವೆ ಕೂತಿದ್ದ ನಾನು ಒಂದರ ಮೇಲೆ ಕೈಯಿಟ್ಟೆ. ನೀರು ಕುದಿ ಬರುವ ಮೊದಲು ಪಾತ್ರೆ ನಡುಗುವಂತೆ ಹಲಗೆ ನಡುಗುತ್ತಿತ್ತು. ಕೈ ತೆಗೆದ ಮೇಲೂ ಆ ನಡುಕ ಬೆರಳುಗಳಲ್ಲಿ ಉಳಿದಿತ್ತು.

ಪೆಟ್ಟಿಗೆಗಳು ಅಮ್ಮನವು. ಹಿತ್ತಿಲಿನ ಗೇರುಮರಗಳ ಕೆಳಗೆ ಅವಳು ವರ್ಷಗಟ್ಟಲೆ ತುಡುವೆ ಸಾಕಿದ್ದಳು. ತುಡುವೆಯೆಂದರೆ ನಮ್ಮ ಕಡೆ ಪೆಟ್ಟಿಗೆಯಲ್ಲಿ ಸಾಕುವ ಸಣ್ಣ ಜೇನು. ಪೇಟೆಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಅಪ್ಪ ಅವುಗಳ ಹತ್ತಿರ ಸುಳಿದವನಲ್ಲ. ಕಚ್ಚಿಸಿಕೊಳ್ಳುವ ಹೆದರಿಕೆ ಅವನಿಗೆ. ಹಿಂದಿನ ವರ್ಷ ಅಮ್ಮನ ತವರಿನಲ್ಲಿ ಅಜ್ಜಿಗೆ ಲಕ್ವ ಹೊಡೆದು ಮಲಗಿದಲ್ಲೇ ಆದಾಗ, ನೋಡಿಕೊಳ್ಳಲು ಅಮ್ಮ ಹೋಗಿಬರತೊಡಗಿದಳು. ಹೀಗೆ ಓಡಾಡಿ ಸಾಕಾಗಿ, ಅಜ್ಜಿಯನ್ನು ನಮ್ಮಲ್ಲಿಗೇ ಕರೆತರೋಣವೆಂದಳು. ಅಪ್ಪ ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆಯಿತು.

"ಹಾಗಾದ್ರೆ ಅಲ್ಲೇ ಇರು. ಕರೀಲಿಕ್ಕೆ ನಾನಂತೂ ಬರುದಿಲ್ಲ" ಎಂದುಬಿಟ್ಟ.

ಅಮ್ಮ ಅಲ್ಲೇ ಇದ್ದಳು. ಅಪ್ಪ ಕರೆಯಲು ಹೋಗಲಿಲ್ಲ. ಆಡಿದ ಮಾತನ್ನು ಇಬ್ಬರೂ ಚಾಚೂ ತಪ್ಪದೆ ನಡೆಸಿದರು. ರಜೆ ಸಿಕ್ಕಾಗಲೆಲ್ಲ ಸೇತುವೆ ಸುತ್ತಿಕೊಂಡು ಹೋಗುವ ಬಸ್ಸು ಹತ್ತಿ ಅಲ್ಲಿಗೂ ಇಲ್ಲಿಗೂ ಓಡಾಡಿದವಳು ನಾನು. ಆಗ ನಾನಿನ್ನೂ ಕಾಲೇಜು ಹುಡುಗಿ. ಪೆಟ್ಟಿಗೆಗಳ ಕಾಲಿಗೆ ಇರುವೆ ಹತ್ತದಂತೆ ಬಟ್ಟಲುಗಳಿಗೆ ನೀರು ಹಾಕುವುದು, ಹುಳ ಬಿದ್ದ ಎರಿಯನ್ನು, ಅಂದರೆ ಮೇಣದ ಹಲ್ಲೆಯನ್ನು, ಕಿತ್ತೆಸೆಯುವುದು, ಇಷ್ಟು ಮಾತ್ರ ನನಗೆ ಬರುತ್ತಿತ್ತು. ಜೇನಿನ ಕೆಲವು ಕುಟುಂಬಗಳು ಪೆಟ್ಟಿಗೆ ಬಿಟ್ಟು ಎತ್ತಲೋ ಹಾರಿಹೋದವು.

ಒಂದು ಸಂಜೆ ಅಪ್ಪ ಊಟಕ್ಕೆ ಕೂತವನು ತಟ್ಟೆಯಿಂದ ತಲೆ ಎತ್ತದೆ, "ನಾಳೆ ಆ ಪೆಟ್ಟಿಗೆಗಳನ್ನೆಲ್ಲ ಸಾಗಿಸುವಾ. ಆಚೆ ದಡದಲ್ಲಿ ಒಬ್ರಿಗೆ ಬೇಕಂತೆ" ಎಂದ.

"ಯಾರಿಗೆ?"

"ಸಾಕ್ಲಿಕ್ಕೆ ಗೊತ್ತಿರುವವರಿಗೆ."

ಮಾರಿಬಿಟ್ಟಿದ್ದಾನೆ ಎಂದುಕೊಂಡೆ. ಅಮ್ಮನದೆಂದು ಆ ಮನೆಯಲ್ಲಿ ಉಸಿರಾಡುತ್ತಿದ್ದುದು ಅವು ಮಾತ್ರ. ಮುಂದೆ ಏನನ್ನೂ ಕೇಳಲಿಲ್ಲ. ಮಾರನೆಯ ದಿನ ಬೆಳಕು ಹರಿಯುವ ಮುನ್ನ, ಜೇನೆಲ್ಲ ಒಳಗಿರುವಾಗಲೇ, ಬಾಗಿಲುಗಳಿಗೆ ತಂತಿಬಲೆ ಬಡಿದು ಪೆಟ್ಟಿಗೆಗಳನ್ನು ಬಾಡಿಗೆ ಪಿಕಪ್ಪಿಗೆ ಏರಿಸಿದೆವು. ಅಪ್ಪನ ಪಕ್ಕದಲ್ಲಿ ಕೂರಲು ಮನಸ್ಸಾಗದೆ ನಾನು ಹಿಂದೆ ಹತ್ತಿದೆ. ದಾರಿಯುದ್ದಕ್ಕೂ ಎದ್ದು ನಿಂತೆ, ಕೂತೆ, ಮತ್ತೆ ಎದ್ದೆ.

ತಂಪು ಹೊತ್ತಿನಲ್ಲಿ ದಾಟಿಬಿಡಬೇಕೆಂಬುದು ಲೆಕ್ಕಾಚಾರ. ಆದರೆ ಹೊಳೆ ದಾಟುವ ಕಡವು ತಲುಪುವಾಗ ಬಾರ್ಜು ಆಚೆ ದಡದಲ್ಲಿತ್ತು. ಅದು ವಾಹನ ತುಂಬಿಕೊಂಡು ಈಚೆ ಬಂದು, ಇಳಿಸಿ, ನಮ್ಮನ್ನು ಹತ್ತಿಸಿಕೊಳ್ಳುವಷ್ಟರಲ್ಲಿ ಬಿಸಿಲು ನೀರಿನ ಮೇಲೆ ಚುಚ್ಚತೊಡಗಿತ್ತು. ಚಪ್ಪಟೆ ಕಬ್ಬಿಣದ ಅಟ್ಟದ ಮೇಲೆ ನಮ್ಮ ಪಿಕಪ್ಪು, ಅದರ ಹಿಂದೆ ಒಂದು ಬಿಳಿ ಕಾರು, ಕೆಲವು ಬೈಕು, ನಡೆದು ಹತ್ತಿದವರು ಬೆರಳೆಣಿಕೆಯಷ್ಟು. ಕಾರಿನಲ್ಲಿದ್ದ ಹೆಂಗಸು ಮಗಳ ಸೀಮಂತಕ್ಕೆ ಹೊರಟಿದ್ದಳು. ಎಲ್ಲರೂ ಅವಳನ್ನು ಪದ್ದಕ್ಕ ಎಂದು ಕರೆಯುತ್ತಿದ್ದರು. ಹಿಂದಿನ ಸೀಟಿನಲ್ಲಿ ಮೊಮ್ಮಕ್ಕಳು, ಅವರ ಮಡಿಲಲ್ಲಿ ಮಲ್ಲಿಗೆಯ ಬುಟ್ಟಿ.

ಹೊಳೆ ಸಮುದ್ರ ಸೇರುವ ಜಾಗವದು. ಅಗಲ ಹೆಚ್ಚು, ಆಳ ಕಡಿಮೆ. ನಡುನೀರಿಗೆ ಬಂದಾಗ ಬಾರ್ಜಿನ ಅಡಿಯಲ್ಲಿ ಏನೋ ಉಜ್ಜಿದ ಹಾಗಾಯಿತು. ಎಂಜಿನ್ನು ಕಿರುಚಿತು, ಅಡಿಯ ಮರಳು ಬುಗ್ಗೆಯೆದ್ದಿತು, ಬಾರ್ಜು ಕದಲಲಿಲ್ಲ. ಅದನ್ನು ನಡೆಸುತ್ತಿದ್ದ ಹಸನಬ್ಬ ಎಂಜಿನ್ನು ಆರಿಸಿ ಕೆಳಗೆ ಬಗ್ಗಿ ನೋಡಿದ.

"ಇವತ್ತು ಇಳಿತ ಜಾಸ್ತಿ ಉಂಟು. ಹೊಯಿಗೆ ಮೇಲೆ ಕೂತಿದೆ. ಇನ್ನು ಸಮುದ್ರದ ಭರತ ಬಂದು, ನೀರು ಏರಿ ಎತ್ತಬೇಕು."

"ಎಷ್ಟು ಹೊತ್ತಾಗ್ಬಹುದು?" ಅಪ್ಪ ಕೇಳಿದ.

"ಅದನ್ನು ಸಮುದ್ರದ ಹತ್ತಿರ ಕೇಳ್ಬೇಕು ದಾಮೋದರಣ್ಣ."

ಎಂಜಿನ್ನು ನಿಂತದ್ದೇ ಪೆಟ್ಟಿಗೆಗಳ ಸದ್ದು ಎಲ್ಲರಿಗೂ ಕೇಳತೊಡಗಿತು. ಬೈಕಿನವರು ತಿರುಗಿ ನೋಡಿದರು. ಕಬ್ಬಿಣದ ಅಟ್ಟ ಬಿಸಿಲಿಗೆ ಕಾಯುತ್ತಿತ್ತು, ಗಾಳಿಯಿರಲಿಲ್ಲ. ನಾನು ಗೋಣಿಚೀಲಗಳನ್ನು ಹೊಳೆಯಲ್ಲಿ ಅದ್ದಿ ಪೆಟ್ಟಿಗೆಗಳ ಮೇಲೆ ಹೊದಿಸಿದೆ. ಅದ್ದಿದ್ದು ಒಣಗಿತು, ಮತ್ತೆ ಅದ್ದಿದೆ. ಅಪ್ಪ ಬಾರ್ಜಿನ ಈ ತುದಿಯಿಂದ ಆ ತುದಿಗೆ ನಡೆದ, ನೀರು ನೋಡಿದ, ತಿರುಗಿ ಬಂದ, ಮತ್ತೆ ನಡೆದ. ಒಳಗಿನ ಸದ್ದು ಏರಿ ಏರಿ, ಎಳೆದು ಕಟ್ಟಿದ ತಂತಿಯಂತೆ ತೆಳುವಾಯಿತು. ಆಮೇಲೆ ಮೂಲೆಯ ಪೆಟ್ಟಿಗೆಯೊಂದರ ಅಡಿಯಿಂದ ಜೇನುತುಪ್ಪ ಸೋರಿ ಪಿಕಪ್ಪಿನ ಅಂಚಿನಿಂದ ಎಳೆಯಾಗಿ ಇಳಿಯಿತು. ಮೇಣ ಕರಗಿ ಎರಿಗಳು ಕುಸಿದಿದ್ದವು. ಕೈಯಿಟ್ಟು ನೋಡಿದೆ, ಆ ಹಲಗೆಯಲ್ಲಿ ನಡುಕವಿರಲಿಲ್ಲ.

"ಬಾಗಿಲು ತೆಗೆದ್ರೆ?" ಅಪ್ಪ ಬಳಿಬಂದು ಕೇಳಿದ.

ಅಮ್ಮ ಹೇಳಿಕೊಟ್ಟಿದ್ದನ್ನು ಹೇಳಿದೆ. ಬಾಗಿಲು ತೆಗೆದರೆ ಒಳಗೆ ಗಾಳಿಯಾಡಿ ರಾಣಿ, ಮರಿ, ಎರಿ ಉಳಿಯುತ್ತವೆ. ಆದರೆ ಹೊರಬಿದ್ದ ಜೇನು ಪೆಟ್ಟಿಗೆಯ ಮುಂದೆ ಹಾರಾಡಿ ಈ ಜಾಗವನ್ನೇ ತನ್ನ ಮನೆಯೆಂದು ಗುರುತಿಟ್ಟುಕೊಳ್ಳುತ್ತದೆ. ಮೇಯಲು ಹೋಗಿ ಬರುವಷ್ಟರಲ್ಲಿ ಬಾರ್ಜು ಹೊರಟುಹೋಗಿದ್ದರೆ ಅವಕ್ಕೆ ಮನೆಯಿಲ್ಲ.

ಕಾರಿನ ಕಿಟಕಿಯಿಂದ ಪದ್ದಕ್ಕ ತಲೆ ಹೊರಹಾಕಿದಳು. "ಬಾಗಿಲು ತೆಗಿಯುದಾ? ನಿಮಗೆ ಮಂಡೆ ಸಮ ಉಂಟಾ ಮಾರಾಯ್ರೆ? ಇಲ್ಲಿ ಮಕ್ಕಳಿದ್ದಾರೆ. ನನ್ನ ಕಾರು ತುಂಬ ಮಲ್ಲಿಗೆ ಉಂಟು."

ಅಪ್ಪ ಬಲೆಯ ಕಡೆ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. ಅದನ್ನು ಕಂಡು ನನ್ನೊಳಗೆ ಬೆಳಗಿನಿಂದ ಕುದಿಯುತ್ತಿದ್ದುದು ಉಕ್ಕಿತು. "ಬಿಡು ಅಪ್ಪ. ಹೇಗೂ ಮಾರಿ ಆಗಿದೆಯಲ್ಲ. ಸತ್ತದ್ದನ್ನೇ ತೆಗೊಳ್ಳಲಿ ಅವರು" ಎಂದೆ.

"ಯಾರು ಮಾರಿದ್ದು?" ಅಪ್ಪ ನನ್ನ ಕಡೆ ತಿರುಗಿದ. ಮುಖ ಬೆವರಿತ್ತು. "ಸತ್ತ ಜೇನು ಹಿಡ್ಕೊಂಡು ವಾರಿಜನ ಎದುರು ನಾನು ಹೇಗೆ ನಿಲ್ಲುದು?"

ವಾರಿಜ ನನ್ನ ಅಮ್ಮ. ಒಂದು ವರ್ಷದಿಂದ ಅವನ ಬಾಯಲ್ಲಿ ಆ ಹೆಸರು ಕೇಳಿರಲಿಲ್ಲ. ನಾವು ಯಾವಾಗಲೂ ಸೇತುವೆಯ ದಾರಿಯಲ್ಲೇ ಹೋಗುತ್ತಿದ್ದುದರಿಂದ, ಜೇನು ಮಾರಿದನೆಂಬ ಸಿಟ್ಟೂ ಸೇರಿ, ಈ ಕಡವು ದಾಟಿದರೆ ಅಮ್ಮನ ತವರು ಅಷ್ಟು ಹತ್ತಿರವೆಂಬುದು ನನಗೆ ಹೊಳೆದೇ ಇರಲಿಲ್ಲ.

"ಅಮ್ಮನನ್ನು ಕರೀಲಿಕ್ಕೆ ಹೋಗುದಾ ನಾವು?"

"ಕರೀಲಿಕ್ಕೆ ಅಲ್ಲ" ಎಂದ ಅಪ್ಪ. ಆಮೇಲೆ ನೀರಿನ ಕಡೆ ನೋಡುತ್ತ, "ಜೇನು ಕೊಡ್ಲಿಕ್ಕೆ."

ಪದ್ದಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕಾರಿನಿಂದ ಇಳಿದು, ನಡೆದು ಬಂದವರನ್ನೆಲ್ಲ ಕೈಬೀಸಿ ಕರೆದಳು. "ಬನ್ನಿ, ಎಲ್ಲ ಇದ್ರೊಳಗೆ ಬನ್ನಿ. ತೊಡೆ ಮೇಲೆ ಕೂತ್ಕೊಳ್ಳಿ, ಅಡ್ಡಿಯಿಲ್ಲ. ಗ್ಲಾಸು ಏರಿಸುವಾ." ಬೈಕಿನವರು ತಲೆಗೆ ಬೈರಾಸು ಸುತ್ತಿ ಬಾರ್ಜಿನ ಮುಂದಿನ ತುದಿಗೆ ಸರಿದರು. ಹಸನಬ್ಬ ತನ್ನ ಎಂಜಿನ್ ಗೂಡಿನ ಬಾಗಿಲು ಎಳೆದುಕೊಂಡ.

ನಾನು ಒಂದು ಕಡೆಯಿಂದ ಬಲೆ ಕೀಳುತ್ತ ಬಂದೆ. ಇನ್ನೊಂದು ಕಡೆಯಿಂದ ಅಪ್ಪ. ಅವನ ಕೈಯಿಂದ ಮೊಳೆ ಜಾರುತ್ತಿತ್ತು. ಎರಡನೆಯ ಪೆಟ್ಟಿಗೆಯಲ್ಲೇ ಒಂದು ಜೇನು ಅವನ ರೆಪ್ಪೆಗೆ ಕಚ್ಚಿತು. ಅವನು ಮುಖ ಹಿಂದಕ್ಕೆಳೆದು, ಕಣ್ಣು ಮುಚ್ಚಿ ನಿಂತು, ಮತ್ತೆ ಬಗ್ಗಿದ. ಒತ್ತಿ ಹಿಡಿದ ಹೊಗೆ ಬಿಡುಗಡೆಯಾದಂತೆ ಜೇನು ಹೊರಬಂತು. ಪೆಟ್ಟಿಗೆಗಳಿಗೆ ಮುಖಮಾಡಿ, ಎಡಕ್ಕೂ ಬಲಕ್ಕೂ ತೂಗಾಡಿ, ಸುತ್ತು ದೊಡ್ಡದು ಮಾಡುತ್ತ ಮೇಲೇರಿ, ದಡದ ಕೆಸರಿನಲ್ಲಿ ಬೆಳೆದ ಕಾಂಡ್ಲಾ ಗಿಡಗಳ ಹೂವಿನ ಕಡೆ ಹೋದವು. ಕಾರಿನ ಗಾಜಿಗೆ ಮೂಗೊತ್ತಿ ಮಕ್ಕಳು ನೋಡುತ್ತಿದ್ದರು. ಒಳಗಿನ ಸದ್ದು ಸ್ವಲ್ಪಸ್ವಲ್ಪವೇ ಇಳಿಯಿತು.

ಭರತ ಬಂದಾಗ ಯಾರಿಗೂ ತಿಳಿಯಲಿಲ್ಲ. ಕಾಲಡಿಯ ಅಟ್ಟ ಒಮ್ಮೆ ಹಗುರಾಯಿತು, ಬಾರ್ಜು ನಿಧಾನ ತಿರುಗಿತು.

"ಸ್ವಲ್ಪ ನಿಲ್ಲಿಸು ಹಸನಬ್ಬ. ಹೋದದ್ದು ಬರ್ಲಿ" ಎಂದ ಅಪ್ಪ.

ಹಸನಬ್ಬ ಉದ್ದ ಬಿದಿರು ಊರಿ ಆದಷ್ಟು ಹೊತ್ತು ಹಿಡಿದು ನಿಲ್ಲಿಸಿದ. ಕೆಲವು ಬಂದವು, ಬಂದಂತೆಲ್ಲ ಒಳಸೇರಿದವು. ಆಚೆ ದಡದಲ್ಲಿ ಜನ ಕೂಗತೊಡಗಿದ್ದರು. ಕೊನೆಗೆ ಅವನು, "ಇನ್ನು ಆಗುದಿಲ್ಲ ದಾಮೋದರಣ್ಣ. ನೀರು ಎಳೀತಾ ಉಂಟು" ಎಂದ. ಬಾಗಿಲುಗಳಿಗೆ ಮತ್ತೆ ಬಲೆ ಬಡಿದೆವು. ಎಂಜಿನ್ನು ಶುರುವಾಯಿತು.

ಹಿಂದೆ ತಿರುಗಿ ನೋಡಿದೆ. ನಾವು ಸಿಕ್ಕಿಕೊಂಡಿದ್ದ ಜಾಗದಲ್ಲಿ ಏನೂ ಇರಲಿಲ್ಲ. ಆ ಏನೂ ಇಲ್ಲದ್ದರ ಮೇಲೆ, ಆಳೆತ್ತರದಲ್ಲಿ, ಜೇನು ಸುತ್ತುತ್ತಿತ್ತು. ದಡದಿಂದ ಬಂದವೂ ಸೇರಿಕೊಂಡು ಕಪ್ಪು ದಟ್ಟವಾಗುತ್ತಿತ್ತು. ಹತ್ತಿರದಲ್ಲಿ ದೋಣಿಯವರಿಗೆಂದು ನೆಟ್ಟ ಗೂಟವೊಂದು ನೀರಿನಿಂದ ತಲೆ ಎತ್ತಿತ್ತು. ಒಂದೊಂದಾಗಿ ಅದರ ಮೇಲೆ ಕೂರತೊಡಗಿದವು. ಅಪ್ಪ ಊದಿದ ಕಣ್ಣಿನಿಂದಲೇ, ದಡ ಮುಟ್ಟುವವರೆಗೂ ಅದನ್ನು ನೋಡುತ್ತಿದ್ದ. ಇಳಿಯುವಾಗ ಪದ್ದಕ್ಕ ನನ್ನ ಕೈಗೆ ಮಲ್ಲಿಗೆಯ ಚೆಂಡೊಂದನ್ನು ತುರುಕಿ, "ನಿನ್ನ ಅಮ್ಮನಿಗೆ" ಎಂದಳು. ಗಡಿಬಿಡಿಯಲ್ಲಿ ಅದು ಪಿಕಪ್ಪಿನಲ್ಲೇ ಉಳಿದು ಬಾಡಿಹೋಯಿತು.

ಅಜ್ಜಿಯ ಮನೆ ಕಡವಿನಿಂದ ಕೂಗಳತೆಯಲ್ಲಿ, ಹೊಳೆಗೆ ಬೆನ್ನು ಹಾಕಿ ನಿಂತಿತ್ತು. ಅಮ್ಮ ಅಂಗಳದಲ್ಲಿ ಅಜ್ಜಿಯ ಬಟ್ಟೆ ಒಣಹಾಕುತ್ತಿದ್ದಳು. ಪಿಕಪ್ಪಿನಿಂದ ಇಳಿದ ಅಪ್ಪನನ್ನು ನೋಡಿದಳು, ಅವನ ಕಣ್ಣು ನೋಡಿದಳು, ಆಮೇಲೆ ಪೆಟ್ಟಿಗೆಗಳನ್ನು ನೋಡಿದಳು. ಹತ್ತಿರ ಬಂದು ಒಂದೊಂದಕ್ಕೂ ಕಿವಿಯಿಟ್ಟಳು. ಸೋರಿದ ಪೆಟ್ಟಿಗೆಯ ಮೇಲೆ ಕೈಯಾಡಿಸಿದಳು.

"ಮೇಯುವ ಜೇನೇ ಇಲ್ವಲ್ಲ ಇದ್ರಲ್ಲಿ. ಎಲ್ಲಿ ಬಿಟ್ಟದ್ದು?"

"ಹೊಳೆಯಲ್ಲಿ" ಎಂದ ಅಪ್ಪ. ಅಪರಾಧಿಯಂತೆ ನಿಂತಿದ್ದ. "ಬಾರ್ಜು ಸಿಕ್ಕಿಕೊಂಡಿತು. ಬಾಗಿಲು ತೆಗೆಯದಿದ್ರೆ ಎಲ್ಲ ಹೋಗ್ತಿತ್ತು. ಈಗ ಅಲ್ಲಿ ಒಂದು ಗೂಟದಲ್ಲಿ ಕೂತಿದೆ."

"ತೆಗೆದವರು ಯಾರು?"

"ಅಪ್ಪ" ಎಂದೆ ನಾನು.

ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಹಗುರವಾದೊಂದು ಪೆಟ್ಟಿಗೆಯನ್ನು ಆರಿಸಿ ತೆಗೆದಳು. "ನಡೀರಿ. ನನ್ನ ಚಿಕ್ಕಪ್ಪನ ದೋಣಿ ಉಂಟು. ರಾಣಿ ಇರುವ ಪೆಟ್ಟಿಗೆ ಗೂಟಕ್ಕೆ ತಾಗಿಸಿ ಹಿಡಿದ್ರೆ ಜೇನು ಹತ್ತಬಹುದು. ಕತ್ತಲಾಗುವವರೆಗೆ ಕಾಯ್ಬೇಕು, ಎಲ್ಲ ಒಳಗೆ ಬರ್ಲಿಕ್ಕೆ." ಆಮೇಲೆ ನನ್ನ ಕಡೆ ನೋಡಿ, "ನೀನು ಅಜ್ಜಿಗೆ ಗಂಜಿ ಕುಡಿಸು" ಎಂದಳು.

ಆ ದಿನ ಅಮ್ಮ ನಮ್ಮೊಡನೆ ಬರಲಿಲ್ಲ. ಅವಳು ಮನೆಗೆ ಬಂದದ್ದು ಮಳೆಗಾಲಕ್ಕೆ ಮೊದಲು. ಅಜ್ಜಿಯನ್ನು ಅದೇ ಬಾರ್ಜಿನಲ್ಲಿ ಮಂಚಸಮೇತ ಕರೆತಂದವನು ಅಪ್ಪ. ಅಷ್ಟರೊಳಗೆ ಅವನು ಎಷ್ಟು ಸಲ ಕಡವು ದಾಟಿದನೋ, ಪ್ರತಿ ಸಲವೂ ಜೇನು ನೋಡಲಿಕ್ಕೆ ಎಂದೇ ಹೇಳಿ ಹೊರಡುತ್ತಿದ್ದ. ಆದರೆ ನನಗೆ ಹೆಚ್ಚು ಸ್ಪಷ್ಟವಾಗಿ ಉಳಿದದ್ದು ಆ ಸಂಜೆ.

ಅಜ್ಜಿಗೆ ಗಂಜಿ ಕುಡಿಸಿ, ಪಾತ್ರೆ ತೊಳೆದು, ನಿಂತಲ್ಲಿ ನಿಲ್ಲಲಾಗದೆ ಹಿತ್ತಿಲ ಬೇಲಿಯ ದಣಪೆ ದಾಟಿ ದಡಕ್ಕೆ ಹೋದೆ. ಸೂರ್ಯ ಮುಳುಗಿದ್ದ. ನಡುಹೊಳೆಯಲ್ಲಿ ಸಣ್ಣ ದೋಣಿ ಗೂಟಕ್ಕೆ ಕಟ್ಟಿಕೊಂಡು ನಿಂತಿತ್ತು. ಒಂದು ತುದಿಯಲ್ಲಿ ಅಮ್ಮ, ಇನ್ನೊಂದು ತುದಿಯಲ್ಲಿ ಅಪ್ಪ, ನಡುವೆ ಪೆಟ್ಟಿಗೆ. ಜೇನು ಸಾಲುಗಟ್ಟಿ ಒಳಹೋಗುತ್ತಿದ್ದಿರಬೇಕು. ಅಷ್ಟು ದೂರಕ್ಕೆ ಕಾಣುತ್ತಿರಲಿಲ್ಲ. ಮಾತಾಡುತ್ತಿದ್ದಾರೋ ಇಲ್ಲವೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಅಮ್ಮ ಮುಂದಕ್ಕೆ ಬಾಗಿ, ಸೆರಗಿನ ತುದಿಯನ್ನು ಹೊಳೆಯಲ್ಲಿ ಅದ್ದಿ ಹಿಂಡಿದಳು. ಪೆಟ್ಟಿಗೆಯ ಮೇಲಿಂದ ಕೈಚಾಚಿ ಅದನ್ನು ಅಪ್ಪನ ಊದಿದ ಕಣ್ಣಿನ ಮೇಲಿಟ್ಟಳು. ಇಟ್ಟ ಕೈಯನ್ನು ತೆಗೆಯಲಿಲ್ಲ. ಕತ್ತಲು ಕವಿದು ದೋಣಿಯೂ ನೀರೂ ಒಂದೇ ಬಣ್ಣವಾಗುವವರೆಗೆ ಅವರು ಹಾಗೆಯೇ ಕೂತಿದ್ದರು.