ಬೂದೆಪ್ಪನ ಮನೆಗಾಡಿಯ ಎರಡು ಬ್ಯಾಟರಿ

ದೇವದುರ್ಗದ ಬೂದೆಪ್ಪನ ಪ್ರಕಾರ ಲೋಕದಲ್ಲಿ ಕೆಟ್ಟದ್ದು ಒಂದೇ: ಒಂದು ಮನೆಯಲ್ಲಿ ಎರಡು ಒಲೆ. ಸೊಸೆ ಚಂದ್ರಕಲಾ ಬೇರೆ ಒಲೆ ಹೂಡೋಣವೆಂದು ಬಹಳ ದಿನದಿಂದ ಗಂಡ ನಿಂಗರಾಜನ ಕಿವಿ ಕಚ್ಚುತ್ತಿದ್ದಳು. ಅದಕ್ಕೆ ಮಾವ ಕಂಡುಕೊಂಡ ಮದ್ದು ಒಂದು ಹಳೆಯ ಟೆಂಪೊ. ಒಳಗೆ ಮಂಚ, ಫ್ಯಾನು, ಪರದೆ ಹಾಕಿಸಿ ಮನೆಗಾಡಿ ಮಾಡಿಸಿದ. ಇನ್ನು ಎಲ್ಲಿಗೆ ಹೋದರೂ ಇಡೀ ಸಂಸಾರ ಒಂದೇ ಸೂರಿನಡಿ ಹೋಗಬೇಕು, ಮುಗಿಯಿತು.

ರಾಯಚೂರಿನಲ್ಲಿ ವೈರಿಂಗ್ ಮಾಡಿದವನು ಖಾಜಾ. "ಕಾಕಾ, ಇಂಜಿನ್ನಿಗೊಂದು ಬ್ಯಾಟ್ರಿ, ಮನಿಗೊಂದು. ಫ್ಯಾನು, ಲೈಟು, ಮೊಬೈಲ್ ಚಾರ್ಜರು ಎಲ್ಲಾ ಮನಿ ಬ್ಯಾಟ್ರಿ ಮ್ಯಾಲ," ಎಂದ.

ಬೂದೆಪ್ಪನ ಮುಖ ಹುಳ್ಳಗಾಯಿತು. "ನನ್ನ ಗಾಡ್ಯಾಗ ಪಾಲು ಆಗೂದಿಲ್ಲ. ಎರಡೂ ಕೂಡ್ಸು!"

ಅಪ್ಪಣೆ ಕೊಟ್ಟು ಚಹಾ ಕುಡಿಯಲು ಹೋದ. ಜೊತೆಗೆ ಬಂದಿದ್ದ ಸೊಸೆ ಗಾಡಿಯ ಹತ್ತಿರವೇ ಉಳಿದಳು.

ಗಾಡಿಯ ಮೊದಲ ಪಯಣ ಮಲ್ಲಟಕ್ಕೆ. ಅಲ್ಲಿ ಗಂಡನ ಮನೆಯಲ್ಲಿ ಬಸುರಿ ಮಗಳು ದೇವಿಕಾಳ ಕುಬಸ, ಅಂದರೆ ಸೀಮಂತ. ಹಸಿರು ಸೀರೆ, ಬಳೆ, ಬುತ್ತಿ ತವರಿನಿಂದಲೇ ಬರಬೇಕು, ಅದೂ ಹೊತ್ತು ನೆತ್ತಿಗೇರುವ ಮೊದಲು. ತಡವಾದರೆ ಬೀಗರ ಬಾಯಿಗೆ ಬೀಗ ಹಾಕುವವರು ಯಾರು?

ಚಹಾಕ್ಕೆಂದು ಅರಕೇರಾದಲ್ಲಿ ನಿಂತರು. ಊರಲ್ಲಿ ನಿನ್ನೆಯಿಂದ ಕರೆಂಟಿಲ್ಲ. ಬೂದೆಪ್ಪನ ಎದೆ ಉಬ್ಬಿತು. "ಬರ್ರಿ, ಎಲ್ಲಾರೂ ಬರ್ರಿ! ನಮ್ಮ ಮನ್ಯಾಗ ಕರೆಂಟ್ ಹೋಗೂದ ಇಲ್ಲ!"

ಬಂದರು ನೋಡಿ. ಮೊಬೈಲು, ಟಾರ್ಚು, ಸೊಳ್ಳೆ ಬ್ಯಾಟು. ಒಬ್ಬ ಹತ್ತಿ ಬೆಳೆಗೆ ಔಷಧಿ ಹೊಡೆಯುವ ಬ್ಯಾಟರಿ ಪಂಪನ್ನೇ ಬೆನ್ನ ಮೇಲೆ ಹೊತ್ತು ತಂದ. ಇಲ್ಲವೆನ್ನಲು ಬೂದೆಪ್ಪನಿಗೆ ಬಾಯಿ ಬರಲಿಲ್ಲ.

"ಯಪ್ಪಾ, ಬ್ಯಾಟ್ರಿ ಇಳದ್ರ ಗಾಡಿ ಚಾಲೂ ಆಗಂಗಿಲ್ಲ," ಎಂದ ನಿಂಗರಾಜ.

"ಎರಡು ಕೂಡ್ಯಾವಲೇ! ಒಗ್ಗಟ್ಟಿನ್ಯಾಗ ಬಲ ಅದ."

ಸ್ವಲ್ಪ ಹೊತ್ತಿಗೆ ಫ್ಯಾನು ನಿಧಾನವಾಗಿ ತಿರುಗಿ ನಿಂತಿತು. ಲೈಟೂ ಆರಿತು. ಬೂದೆಪ್ಪನಿಗೆ ನಿಜಕ್ಕೂ ಹೆದರಿಕೆಯಾಯಿತು. ಮಗಳು ಮಣೆಯ ಮೇಲೆ ಕೂತು ಬಾಗಿಲು ನೋಡುತ್ತಿರುವುದು ಕಣ್ಣಿಗೆ ಕಟ್ಟಿತು.

"ನಿಂಗ್ಯಾ, ತಳ್ಳಾಕ ಮಂದೀನ ಕರಿ," ಎಂದ, ದನಿ ಇಳಿಸಿ.

ನಿಂಗರಾಜ ಸುಮ್ಮನೆ ಚಾವಿ ತಿರುಗಿಸಿದ. ಗಾಡಿ ಒಂದೇ ಏಟಿಗೆ ಚಾಲೂ ಆಯಿತು.

ಹೋದ ಜೀವ ಬಂತು, ಜೊತೆಗೆ ಜಂಬವೂ ಬಂತು. "ನೋಡ್ರಿ! ಕೂಡಿ ಇದ್ರ ಹಿಂಗಿರ್ತದ!"

ಬುತ್ತಿಯ ಪಕ್ಕದಿಂದ ಚಂದ್ರಕಲಾ ಮೆಲ್ಲಗೆ ಹೇಳಿದಳು: "ಕೂಡಿಲ್ಲ ಮಾವಾ. ಅವತ್ತ ಖಾಜಾಗ ಹೇಳಿ ನಾನ ಬ್ಯಾರೆ ಇಡಿಸೀನಿ. ಕೂಡಿದ್ರ ಇವತ್ತು ಎರಡೂ ಸಾಯ್ತಿದ್ದುವು."

ಮಲ್ಲಟಕ್ಕೆ ಹೊತ್ತಿಗೆ ಸರಿಯಾಗಿ ತಲುಪಿದರು. ದೇವಿಕಾ ಹಸಿರು ಸೀರೆಯುಟ್ಟು ನಕ್ಕಳು. ಊಟಕ್ಕೆ ಕೂತಾಗ ಬೀಗರು ಗಾಡಿಯ ವಿಚಾರ ತೆಗೆದರು. ಹುಟ್ಟುಗುಣ ಸುಟ್ಟರೂ ಹೋಗದು ನೋಡಿ. ಬೂದೆಪ್ಪ ಮೀಸೆ ತೀಡಿದ.

"ಅದರಾಗ ಎರಡು ಬ್ಯಾಟ್ರಿ ಅವ ರೀ. ಬ್ಯಾರೆ ಬ್ಯಾರೆನ ಇರಬೇಕು! ಒಂದು ಸೋತ್ರ ಇನ್ನೊಂದು ಎಳಕೊಂಡು ಹೋಗ್ತದ."

ಹೋಳಿಗೆ ಬಡಿಸಲು ಬಂದ ಚಂದ್ರಕಲಾ ಎದುರಿಗೇ ನಿಂತಿದ್ದಳು. "ಹಂಗಾದ್ರ ಮಾವಾ, ಒಲಿ ಯಾವತ್ತು ಹೂಡ್ಲಿ?"

ಪಂಕ್ತಿಯೆಲ್ಲ ಅವನನ್ನೇ ನೋಡಿತು. ಬೂದೆಪ್ಪ ಬಾಯಲ್ಲಿದ್ದ ಹೋಳಿಗೆ ನುಂಗಿದ.

"ಹೂಡವ್ವ," ಎಂದ. "ಆದ್ರ ಮೊದಲನೇ ರೊಟ್ಟಿ ನನಗ ಹಾಕಬೇಕು."