ಮಕ್ಕಳು: ಇಲ್ಲ

"ಸುಳ್ಳು ಹೇಳ್ಕೊಂಡು ನಮ್ ದೇಶಕ್ಕೆ ನುಗ್ಗಿದವಳು ನೀನು. ಈಗ ಮಾಫಿ ಬೇಕಂತೆ ಮಾಫಿ! ಮಾನ ಮರ್ಯಾದೆ ಏನೂ ಇಲ್ವಾ?"

ಗಾಜಿನಾಚೆ ಕೂತ ವೀಸಾ ಸಾಹೇಬ ಮೈಕಿನಲ್ಲೇ ಬೈದ. ಸಾಲಿನಲ್ಲಿದ್ದ ಅಷ್ಟೂ ಜನಕ್ಕೆ ಕೇಳಿಸಿತು. ಕೌಂಟರಿನ ಮುಂದೆ ನಿಂತಿದ್ದ ಆಯಾಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಬೈಗುಳ ತಿಂದು ತಿಂದು ಅವಳ ಕಿವಿ ಜಡ್ಡುಗಟ್ಟಿ ಯಾವ ಕಾಲವಾಯಿತೋ.

ಸಾಹೇಬ ಅಂದದ್ದು ನಿಜವೇ. ಎಂಟು ವರ್ಷದ ಹಿಂದೆ ಮಗು ನೋಡಿಕೊಳ್ಳುವ ಆಯಾ ಕೆಲಸಕ್ಕೆಂದು ಆ ದೇಶಕ್ಕೆ ಹೊರಟಾಗ ಏಜೆಂಟು ಅರ್ಜಿಯಲ್ಲಿ 'ಮಕ್ಕಳು: ಇಲ್ಲ' ಎಂದು ತುಂಬಿಸಿದ್ದ. "ಹಸುಗೂಸು ಇರೋ ಮುಂಡೇವನ್ನ ಯಾವನೇ ಕೆಲಸಕ್ಕೆ ಇಟ್ಕೋತಾನೆ?" ಎಂದಿದ್ದ. ಅವಳ ಮಗಳು ಪುಟ್ಟಿಗೆ ಆಗ ಐದು ತಿಂಗಳು. ಡಾಕ್ಟರ ತಪಾಸಣೆಯ ದಿನ ಹಾಲು ಸೋರದ ಹಾಗೆ ಎದೆಗೆ ಬಿಗಿಯಾಗಿ ಬಟ್ಟೆ ಸುತ್ತಿಸಿದವನೂ ಅವನೇ. ಅಲ್ಲಿಗೆ ಹೋಗಿ ಯಾರದೋ ಕೂಸಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತ ಕುಡಿಸುತ್ತ ಅವಳ ಹಾಲು ಬತ್ತಿತು.

ವರ್ಷ ತುಂಬುವ ಹೊತ್ತಿಗೆ ಪುಟ್ಟಿಗೆ ನ್ಯುಮೋನಿಯಾ ಎಂದು ಫೋನು ಬಂತು. ಬುದ್ಧಿಗೇಡಿ! "ನನ್ ಮಗಳು ಅಮ್ಮಾವ್ರೇ, ರಜ ಕೊಡಿ" ಎಂದು ಒಡತಿಯ ಮುಂದೆ ಅತ್ತುಬಿಟ್ಟಳು. ಅಷ್ಟೇ, ಸುಳ್ಳು ಬಯಲಾಯಿತು. ಮೂರನೇ ದಿನ ಪಾಸ್‌ಪೋರ್ಟಿಗೆ 'ಪ್ರವೇಶವಿಲ್ಲ' ಎಂದು ಸೀಲು ಗುದ್ದಿ ವಿಮಾನ ಹತ್ತಿಸಿದರು.

ಈಗ ಅದೇ ದೇಶಕ್ಕೆ ದುಡಿಯಲು ಹೋದ ಗಂಡ ಅಲ್ಲಿನ ಆಸ್ಪತ್ರೆಯಲ್ಲಿ ಬಿದ್ದಿದ್ದಾನೆ. ಗೋಡೆಗೆ ಬಣ್ಣ ಬಳಿಯುತ್ತಿದ್ದವನು, ನಾಲ್ಕನೇ ಮಹಡಿಯಿಂದ ಉರುಳಿದ. ಸೊಂಟದ ಕೆಳಗೆ ಸ್ವಾಧೀನವಿಲ್ಲ. ಮಗ್ಗುಲು ಬದಲಿಸುವವರಿಲ್ಲದೆ ಬೆನ್ನೆಲ್ಲ ಹುಣ್ಣು. ಹಳೇ ಸುಳ್ಳಿಗೆ ಮಾಫಿ ಸಿಕ್ಕರೆ ಅವಳು ಹೋಗಬಹುದು. ಇಲ್ಲದಿದ್ದರೆ ಅವನ ಹೆಣವಷ್ಟೇ ಬರಬೇಕು.

ಮಾಫಿ ಅರ್ಜಿ ಬರೆದುಕೊಟ್ಟವನೂ ಅದೇ ಏಜೆಂಟು. ಬೆಳಿಗ್ಗೆ ಗೇಟಿನ ಹತ್ತಿರ ಹೇಳಿಕೊಟ್ಟಿದ್ದ: "ಆ ಮಗು ಆಗ್ಲೇ ತೀರ್ಕೊಳ್ತು ಅನ್ನು. ಆ ಬೋಳಿಮಗನಿಗೆ ಕರುಳು ಚುರುಕ್ ಅನ್ಬೇಕು. ಬಿಟ್ಟುಬರೋಕೆ ಯಾರೂ ಇಲ್ಲ ಅಂತ ಕರ್ಕೊಂಡ್ ಬಂದಿದೀಯಲ್ಲ, ಈ ಹುಡುಗೀನ ದೂರದ ಬೆಂಚಿನ ಮೇಲೆ ಕೂರ್ಸು, ಅಮ್ಮಾ ಅಂತ ಕರೀಬಾರ್ದು."

ಪುಟ್ಟಿ ಜಾಣೆ. ಬೆಳಗಿನಿಂದ ಒಂದು ಸಲವೂ ಕರೆದಿರಲಿಲ್ಲ.

ಸಾಹೇಬ ಹಾಳೆ ತಿರುವಿದ. ಓದಿದ. ದನಿ ತಗ್ಗಿಸಿದ.

"ಮಗು ಸತ್ತೋಯ್ತು ಅಂತ ಬರ್ದಿದೆ. ಹೌದೇನಮ್ಮಾ?"

ಮೊದಲ ಸಲ ಅಮ್ಮಾ ಅಂದಿದ್ದ. ಸೀಲು ಅವನ ಕೈಯಲ್ಲಿತ್ತು.

"ಹೂಂ ಅಂದ್ರೆ ಸಾಕು, ಹಾಕ್ತೀನಿ."

ಆಯಾ ಬೆಂಚಿನ ಕಡೆ ತಿರುಗಿದಳು. ಪುಟ್ಟಿ ಅವಳನ್ನು ಗುರುತೇ ಇಲ್ಲದವರಂತೆ ನೋಡಿ ಮುಖ ತಿರುಗಿಸಿಕೊಂಡಳು.

"ಪುಟ್ಟೀ, ಬಾರೇ ಇಲ್ಲಿ."

ಪುಟ್ಟಿ ಅಲುಗಾಡಲಿಲ್ಲ.

"ಅಮ್ಮ ಕರೀತಿದೀನಿ, ಬಾ."

ಓಡಿ ಬಂದವಳನ್ನು ಎತ್ತಿ ಕೌಂಟರಿನ ಕಟ್ಟೆಯ ಮೇಲೆ, ಗಾಜಿಗೆ ಮುಖ ಮಾಡಿ ನಿಲ್ಲಿಸಿದಳು.

"ಇವಳೇ ಸಾಹೇಬ್ರೇ. ಒಂದ್ಸಲ ಇಲ್ಲ ಅಂದೆ. ಸತ್ಲು ಅಂತ ನನ್ ಬಾಯಿಂದ ಬರಲ್ಲ. ಈಗ ಬರ್ಕೊಳ್ಳಿ, ಮಕ್ಕಳು ಒಂದು."

ಸಾಹೇಬ ಸೀಲು ಕೆಳಗಿಟ್ಟ. ಅರಚಿದ. ಆಮೇಲೆ ಮೈಕು ಆರಿಸಿದ. ಗಾಜಿನಾಚೆ ಅವನ ಬಾಯಿ ಸದ್ದಿಲ್ಲದೆ ತೆರೆದು ಮುಚ್ಚುತ್ತಿತ್ತು. ಹಿಂದಿನಿಂದ ಕಾವಲುಗಾರ ಬಂದು ಆಯಾಳ ರಟ್ಟೆ ಹಿಡಿದ.

"ಅಪ್ಪನ ಹತ್ರ ಹೋಗ್ತೀವಾಮ್ಮಾ?" ಎಂದಳು ಪುಟ್ಟಿ.

ಆಯಾ ಅವಳನ್ನು ಕೆಳಗಿಳಿಸಲಿಲ್ಲ.