ಮಧ್ಯಾಹ್ನದ ಮಾತು

ಅಪ್ಪನಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತುಹೋದ ಮೇಲೆ ಮಗಳಿಗೆ ಒಂದೇ ಕೊರಗು. ಮಾತು ಕಲಿಸುವ ಟೀಚರಮ್ಮ ಮನೆಗೆ ಬರುತ್ತಿದ್ದುದು ಮಧ್ಯಾಹ್ನ. ಅಪ್ಪನ ನಾಲಿಗೆ ಒಂದಿಷ್ಟು ಹೊರಳುತ್ತಿದ್ದುದೂ ಆಗಲೇ. "ಇವತ್ತು 'ನೀರು' ಅಂದ್ರು ಕಣೇ!" ಎಂದು ಅಮ್ಮ ಹಿಗ್ಗಿನಿಂದ ಹೇಳುವಳು. ಆದರೆ ಕತ್ತಲಾದ ಮೇಲೆ ಮನೆ ಸೇರುವ ಮಗಳ ಪಾಲಿಗೆ ಸುಸ್ತಾಗಿ ಸುಮ್ಮನೆ ಕೂತ ಅಪ್ಪನೇ ಗತಿ.

ಅವಳ ಕೆಲಸವೂ ಮಿದುಳಿನದೇ. ಸಂಶೋಧನಾ ಕೇಂದ್ರದಲ್ಲಿ ನೂರಾರು ಜನರ ಮಿದುಳಿನ ಸ್ಕ್ಯಾನ್ ಚಿತ್ರಗಳನ್ನು ಸಾಫ್ಟ್‌ವೇರ್‌ಗೆ ಉಣಿಸಬೇಕು. ಪ್ರತಿಯೊಬ್ಬರಿಗೂ ಅವೇ ಖಾನೆಗಳನ್ನು ತುಂಬಬೇಕು, ಅವೇ ಅಂಕಿಗಳನ್ನು ಕುಟ್ಟಬೇಕು. ಬದಲಾಗುತ್ತಿದ್ದುದು ಚಿತ್ರಗಳು ಮಾತ್ರ. ಗಾಣದೆತ್ತಿನ ಹಾಗೆ ದುಡಿದು ಮಣಿಕಟ್ಟು ಊದಿಕೊಂಡಿತ್ತು.

ಪಕ್ಕದ ಮೇಜಿಗೆ ಹೊಸದಾಗಿ ಬಂದಿದ್ದ ಹಿರಿಯ ಸಂಶೋಧಕಿಯನ್ನು ಎಲ್ಲರೂ 'ರೇಡಿಯೋ' ಎನ್ನುತ್ತಿದ್ದರು; ಅವರ ಬಾಯಿಗೆ ಬೀಗವೇ ಇರಲಿಲ್ಲ. ಇವಳು ಅವರ ಕಣ್ಣು ತಪ್ಪಿಸಿಯೇ ಓಡಾಡುತ್ತಿದ್ದಳು. ಒಂದು ದಿನ ಅವರೇ ಹಿಂದಿನಿಂದ ಬಗ್ಗಿ ನೋಡಿದರು.

"ಅಯ್ಯೋ ತಾಯಿ, ಒಬ್ಬೊಬ್ರಿಗೂ ಇದನ್ನೆಲ್ಲ ಹೊಸದಾಗಿ ತುಂಬ್ತೀಯಾ?"

"ಇನ್ನೇನ್ ಮಾಡ್ಲಿ ಮೇಡಂ, ಹಣೆಬರಹ."

"ಹಣೆಬರಹ ಅಲ್ಲ, ಯಾರೂ ಹೇಳ್ಕೊಟ್ಟಿಲ್ಲ ಅಷ್ಟೆ. ಸ್ವಲ್ಪ ಸರ್ಕೊ."

ಬದಲಾಗದ ಖಾನೆಗಳನ್ನೆಲ್ಲ ಒಂದೇ ಸಲ ತುಂಬಿ, ಚಿತ್ರದ ಖಾನೆಯನ್ನಷ್ಟೇ ಖಾಲಿ ಬಿಟ್ಟು, ಅದನ್ನು ಅಚ್ಚಿನಂತೆ ಉಳಿಸಿಟ್ಟರು. ಆಮೇಲೆ ಒಬ್ಬೊಬ್ಬರ ಚಿತ್ರಗಳನ್ನೂ ಯಂತ್ರವೇ ಎತ್ತಿ ಆ ಖಾಲಿ ಜಾಗದಲ್ಲಿ ಇಟ್ಟುಕೊಂಡು ಹೋಗುವಂತೆ ನಾಲ್ಕು ಸಾಲಿನ ಪ್ರೋಗ್ರಾಂ ಬರೆದರು. ಮೊದಲ ಸಲ ಎಡವಟ್ಟಾಯಿತು. ಎಲ್ಲರ ಹೆಸರಿನಲ್ಲೂ ಒಬ್ಬನದೇ ಮಿದುಳು ಬಂತು. "ನೋಡು, ಊರಿಗೆಲ್ಲ ಒಂದೇ ತಲೆ!" ಎಂದು ರೇಡಿಯೋ ಬಿದ್ದು ಬಿದ್ದು ನಕ್ಕರು. ಇವಳಿಗೂ ನಗು ತಡೆಯಲಾಗಲಿಲ್ಲ. ತಪ್ಪು ತಿದ್ದಿ, ಇವಳು ಕೈಯಾರೆ ಮುಗಿಸಿದ್ದ ಕೆಲವರ ಫಲಿತಾಂಶದ ಜೊತೆ ಹೋಲಿಸಿದರು. ತಾಳೆಯಾಯಿತು. ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಒಂದೇ ದಿನಕ್ಕಿಳಿಯಿತು.

ಮರುದಿನ ಅವಳು ಮುಖ್ಯಸ್ಥರನ್ನು ಕೇಳಿಕೊಂಡು ಮಧ್ಯಾಹ್ನವೇ ಮನೆಗೆ ಹೋದಳು. ಟೀಚರಮ್ಮನ ಎದುರು ಕೂತಿದ್ದ ಅಪ್ಪ ಬಾಗಿಲ ಕಡೆ ತಿರುಗಿದರು. ತುಟಿ ಸೊಟ್ಟಗಾಯಿತು, ದನಿ ತಡವರಿಸಿತು.

"ಕೆ... ಕೆಲ್ಸ?"

ಅವಳು ಚೀಲ ಕೆಳಗಿಟ್ಟಳು. "ಇದೆ ಅಪ್ಪಾ. ಅದರ ಪಾಡಿಗೆ ಅದು ನಡೀತಿದೆ" ಎಂದು ಪಕ್ಕದಲ್ಲೇ ಕೂತು, ರೇಡಿಯೋ ಮೇಡಂ ಮಾಡಿದ ಉಪಕಾರವನ್ನೆಲ್ಲ ಹೇಳಿದಳು. ಅಪ್ಪ ಕಿವಿಗೊಟ್ಟು ಕೇಳಿದರು. ಏನೋ ಹೇಳಲು ಹೆಣಗಿದರು. ಟೀಚರಮ್ಮ ನೆರವಿಗೆ ಬಂದಾಗ ಕೈಯೆತ್ತಿ ತಡೆದರು.

"ಊ... ಊಟಕ್ಕೆ" ಎಂದರು ಕೊನೆಗೆ. "ಕರಿ."

ಭಾನುವಾರ ರೇಡಿಯೋ ಬಂದರು. ಹೊಸಿಲು ದಾಟುವ ಮೊದಲೇ ಮಾತು ಶುರುವಾಗಿತ್ತು. ಅಮ್ಮನಿಗೆ ಹೂಂಗುಟ್ಟಲೂ ಪುರುಸೊತ್ತು ಸಿಗಲಿಲ್ಲ. ಅಪ್ಪ ಮಾತ್ರ ಅವರ ತುಟಿಗಳನ್ನೇ ನೋಡುತ್ತ, ಒಂದೊಂದು ಪದವನ್ನು ಆರಿಸಿಕೊಂಡು ಮೆಲ್ಲಗೆ ತಾವೂ ಹೇಳಿಕೊಳ್ಳುತ್ತಿದ್ದರು. ಮಗಳು ಅದನ್ನು ಕಂಡಳು. ಕೇಳದೆಯೇ ಅತಿಥಿಯ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು.